ಶಾಲೆ ರಿಪೇರಿ ಗುಂಪಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಸಿಮೆಂಟ್ ಲೆಕ್ಕ ಹುಡುಕುವುದು ಸಾಕಾಗಿದೆ. ಇನ್ನು ಖರ್ಚೆಲ್ಲ ಗೂಗಲ್ ಶೀಟ್‌ನಲ್ಲಿ ಬರೆಯಿರಿ. ಲಿಂಕ್ ಪಿನ್ ಮಾಡಿದ್ದೇನೆ. ಪಿನ್ 30 ದಿನಕ್ಕಿಂತ ಜಾಸ್ತಿ ಉಳಿಯುವುದಿಲ್ಲ, ಆಮೇಲೆ ಮತ್ತೆ ಹಾಕುತ್ತೇನೆ.

ಬಿಲ್ಲನ್ನು ಸುಮ್ನೆ ಫೋಟೊ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ಸಣ್ಣ ಅಂಕಿ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.

ಮೇಸ್ತ್ರಿಯವರ ಹತ್ತಿರ ಇರುವುದು ಬಟನ್ ಫೋನು. ಅವರಿಗೆ ಕರೆ ಮಾಡಿಯೇ ಹೇಳಬೇಕು. ಇಲ್ಲಿ ಮೆಸೇಜ್ ಹಾಕಿ ‘ಆಗ್ಲೇ ಹೇಳಿದ್ದೆನಲ್ಲ’ ಅಂದರೆ ಏನು ಪ್ರಯೋಜನ? ಕರೆಯಲ್ಲಿ ತೀರ್ಮಾನವಾದದ್ದನ್ನು ಮಾತ್ರ ಒಂದು ಸಾಲಿನಲ್ಲಿ ಇಲ್ಲಿ ತಿಳಿಸಿ. ವಾಯ್ಸ್ ಮೆಸೇಜ್ ಬೇಡ, ಆಮೇಲೆ ಹುಡುಕಲು ಆಗುವುದಿಲ್ಲ.

ಮೈಸೂರು, ಬೆಂಗಳೂರಿನಲ್ಲಿ ಇರುವವರಿಗೆ ಭಾನುವಾರ ಸಂಜೆ 6ಕ್ಕೆ ಗೂಗಲ್ ಮೀಟ್. ಉಚಿತ ಖಾತೆ, 60 ನಿಮಿಷಕ್ಕೆ ಕಟ್ ಆಗುತ್ತದೆ. ದುಡ್ಡಿನ ತಕರಾರಿದ್ದರೆ ಶನಿವಾರ ಮಂಡ್ಯಕ್ಕೇ ಬನ್ನಿ, ಶಾಲೆಯಲ್ಲಿ ಎದುರುಬದುರು ಕೂತು ಮಾತಾಡೋಣ.