ಸೀನನಿಗೆ, ಅಮ್ಮನಿಗೆ ಜಾಗ ಗೊತ್ತುಮಾಡುವ ಮುಂಚೆ

ಸೀನಾ,

ಫೋನಿನಲ್ಲಿ ಅರ್ಧಕ್ಕೇ ನಿಂತ ಮಾತಿದು. ಎಲ್ಲರೂ ಓದುವ ಹಾಗೆ ಬರೆಯಲಾ ಅಂದಾಗ ನೀನೇ ಹೂಂ ಅಂದೆ. ಅಮ್ಮನ ಹೆಸರು ಬರುವುದಿಲ್ಲ. ಹಿತ್ತಾಳೆ ಚೊಂಬಿನ ವಿಷಯವೂ ಬರುವುದಿಲ್ಲ, ಹೆದರಬೇಡ.

ಮೊನ್ನೆ ಅಮ್ಮನನ್ನು ಸೇರಿಸೋಣ ಅಂತ ಆ ಆರೈಕೆ ಮನೆ ನೋಡಿ ಬಂದು, "ಹದಿನೆಂಟು ಜನ ಇದ್ದಾರೆ ಕಣೋ, ಒಂದು ಸದ್ದಿಲ್ಲ, ಎಷ್ಟು ಶಾಂತ" ಅಂದೆಯಲ್ಲ, ಆ ಮಾತು ನನಗೆ ನಿದ್ದೆ ಕೊಡುತ್ತಿಲ್ಲ. ಮರೆವಿನ ಕಾಯಿಲೆಯ ಅಷ್ಟು ಜನ ಒಂದು ಕಡೆ ಇದ್ದರೆ ಹೊತ್ತಿಳಿಯುವಾಗ ತಳಮಳ ಇದ್ದೇ ಇರುತ್ತದೆ. ಒಬ್ಬರಿಗೆ ಮನೆಗೆ ಹೋಗಬೇಕು, ಇನ್ನೊಬ್ಬರಿಗೆ ಮಗು ಸ್ಕೂಲಿನಿಂದ ಬಂತೋ ಇಲ್ಲವೋ ಅನ್ನುವ ಆತಂಕ. ಸಂಜೆ ಆರಕ್ಕೆ, ಹೇಳದೆ ಕೇಳದೆ, ಇನ್ನೊಮ್ಮೆ ಹೋಗಿ ನೋಡು. ಆಗಲೂ ಎಲ್ಲರೂ ತೂಕಡಿಸುತ್ತಿದ್ದರೆ ಮಾತ್ರೆಯ ಚಾರ್ಟ್ ಕೇಳು.

ಅದರಲ್ಲಿ ಕ್ವೆಟಿಯಾಪಿನ್, ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್ ಥರದ ಮನೋರೋಗದ ಮಾತ್ರೆ ಇದ್ದರೆ ಯಾರು ಬರೆದದ್ದು, ಯಾವ ಕಾರಣಕ್ಕೆ, ಮತ್ತೆ ಯಾವಾಗ ನೋಡುತ್ತಾರೆ, ಈ ಮೂರೂ ಗೊತ್ತಾಗಬೇಕು. ಮರೆವಿನ ಕಾಯಿಲೆಯ ವೃದ್ಧರಲ್ಲಿ ಇಂಥ ಔಷಧ ಸಾವಿನ ಅಪಾಯ ಹೆಚ್ಚಿಸುತ್ತದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಮೊದಲೆರಡರ ಬಗ್ಗೆ, 2008ರಲ್ಲಿ ಹ್ಯಾಲೊಪೆರಿಡಾಲ್ ಬಗ್ಗೆಯೂ ಎಚ್ಚರಿಸಿತ್ತು. ಕೆಲವರಿಗೆ ನಿಜವಾಗಿಯೂ ಬೇಕಾಗುತ್ತದೆ. ಆದರೆ ಆರು ವಾರಕ್ಕೊಮ್ಮೆಯಾದರೂ ವೈದ್ಯರು ಮರುಯೋಚನೆ ಮಾಡಬೇಕು. ನೀನಾಗಿ ಒಮ್ಮೆಲೇ ನಿಲ್ಲಿಸಬೇಡ.

ಮಾತ್ರೆ ಹೇಗೆ ಏರುತ್ತದೆ ಹೇಳುತ್ತೇನೆ ಕೇಳು. ಅಮ್ಮ "ಹಿತ್ತಿಲಿಗೆ ಹೋಗ್ಬೇಕು" ಅನ್ನುತ್ತಾರೆ. ದೂರದ ರಾಜ್ಯದಿಂದ ಬೆಂಗಳೂರಿಗೆ ಬಂದು ಹದಿನೈದು ದಿನವಾದ ಆರೈಕೆಯ ಹುಡುಗಿಗೆ ಅದು ಕಕ್ಕಸು ಅಂತ ಹೇಗೆ ತಿಳಿಯಬೇಕು? ಕೈಹಿಡಿದು ಕೂರಿಸುತ್ತಾಳೆ. ಹತ್ತು ನಿಮಿಷಕ್ಕೆ ಸೀರೆ ಒದ್ದೆ, ಬಟ್ಟೆ ಬದಲಿಸುವಾಗ ಅಮ್ಮ ಕೈ ಬೀಸುತ್ತಾರೆ, ರಿಜಿಸ್ಟರಿನಲ್ಲಿ "ಹೊಡೆಯುತ್ತಾರೆ" ಅಂತ ಬೀಳುತ್ತದೆ, ರಾತ್ರಿ ಅರ್ಧ ಮಾತ್ರೆ ಹೆಚ್ಚು. ನೀರು, ಕಕ್ಕಸು, ನೋವು, ಹಸಿವು, ಇವಕ್ಕೆ ಅಮ್ಮ ಬಳಸುವ ಮಾತನ್ನು ಒಂದು ಹಾಳೆಯಲ್ಲಿ ಬರೆದು ಹಾಸಿಗೆ ಪಕ್ಕದ ಗೋಡೆಗೆ ಅಂಟಿಸು. ಅಲ್ಲಿನವರು ಓದುವ ಲಿಪಿಯಲ್ಲೂ ಬರೆಸು.

ಒಂದೆರಡು ದಿನದಲ್ಲೇ ಇದ್ದಕ್ಕಿದ್ದಂತೆ ಮಂಕಾದರೆ ಕಾಯಿಲೆ ಮುಂದುವರಿಯಿತು ಅಂತ ಸುಮ್ಮನಾಗಬೇಡ. ಮೂತ್ರದ ಸೋಂಕು, ಮಲಬದ್ಧತೆ, ನೀರು ಸಾಲದಿರುವುದು, ಹೊಸ ಮಾತ್ರೆ, ಯಾವುದೂ ಇರಬಹುದು. ಅವತ್ತೇ ವೈದ್ಯರಿಗೆ ತೋರಿಸಬೇಕು. ತಿಂಗಳ ತೂಕ ಬರೆಸು. ಐವತ್ತು ಕೆಜಿಯವರು ಒಂದು ತಿಂಗಳಲ್ಲಿ ಎರಡೂವರೆ ಕೆಜಿ ಇಳಿದರೆ ಊಟದ ಹೊತ್ತಿಗೆ ಹೋಗಿ ಕೂತು ನೋಡು. ಮಲಗಿಸಿಕೊಂಡೇ ಗಂಜಿ ಹಾಕುತ್ತಿದ್ದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ನೆಟ್ಟಗೆ ಕೂರಿಸಿ ಉಣಿಸಬೇಕು, ಆಮೇಲೂ ಅರ್ಧ ಗಂಟೆ ಕೂತಿರಬೇಕು.

ಮಣಿಕಟ್ಟು, ಸೊಂಟದ ಹತ್ತಿರ ಗೆರೆ ಇದೆಯಾ ನೋಡು. "ಬೀಳ್ತಾರೆ ಅಂತ ಸೀರೇಲಿ ಕುರ್ಚಿಗೆ ಕಟ್ಟಿದ್ವಿ" ಅನ್ನುವುದು ನಮ್ಮಲ್ಲಿ ಮಾಮೂಲಿ ಉತ್ತರ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಅದರ ವ್ಯಾಪ್ತಿಯ ಸಂಸ್ಥೆಗಳಲ್ಲಿ, ಸಿಬ್ಬಂದಿ ಕೊರತೆ ಅನ್ನುವ ಒಂದೇ ಕಾರಣಕ್ಕೆ ಕಟ್ಟಿಹಾಕುವ ಹಾಗಿಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ಮಂಚದ ಕಂಬಿಯೂ ಕಾಪಾಡುವುದಿಲ್ಲ, ಹತ್ತಿ ದಾಟಲು ಹೋದವರು ಇನ್ನೂ ಎತ್ತರದಿಂದ ಬೀಳುತ್ತಾರೆ. ತಗ್ಗು ಮಂಚ ಕೇಳು. ರಾತ್ರಿ ಎಷ್ಟು ಜನ ಎಚ್ಚರ ಇರುತ್ತಾರೆ ಅಂತಲೂ ಕೇಳು, ಮಲಗಿರುವವರನ್ನು ಲೆಕ್ಕಕ್ಕೆ ತಗೋಬೇಡ.

ಇದನ್ನು ನಿನಗೊಬ್ಬನಿಗೇ ಹೇಳಬೇಕು ಅಂದುಕೊಂಡಿದ್ದೆ. "ರಾತ್ರಿ ಶಾಂತ, ನಿದ್ದೆ ಚೆನ್ನಾಗಿದೆ" ಅಂತ ವರ್ಷಗಟ್ಟಲೆ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದವನು ನಾನು. ಅದು ನಿದ್ದೆಯೋ, ಮಾತ್ರೆಯ ಮಂಪರೋ, ಕರೆದೂ ಕರೆದೂ ಯಾರೂ ಬಾರದೆ ಬಿಟ್ಟುಕೊಟ್ಟದ್ದೋ, ಪ್ರತಿ ಸಲ ಹೋಗಿ ನೋಡಲಿಲ್ಲ. ಬೆಳಗಾಗುವವರೆಗೆ ಯಾರೂ ಏಳದಿರಲಿ ಅಂತ ಆಸೆಪಟ್ಟ ರಾತ್ರಿಗಳೂ ಇವೆ. ನೀನು "ಶಾಂತ" ಅಂದಾಗ ಆ ರಿಜಿಸ್ಟರುಗಳೇ ಕಣ್ಣಿಗೆ ಬಂದವು.

ಸಾಕು, ಮುಂದಿನದು ಎದುರಿಗೆ ಕೂತು. ಶನಿವಾರ ಸಂಜೆ ಇಬ್ಬರೂ ಆ ಜಾಗಕ್ಕೆ ಹೋಗೋಣ, ಐದೂವರೆಗೇ ಹೊರಡಬೇಕು. ಬರುವಾಗ ಅಮ್ಮನಿಗೆ ಮೆತ್ತನೆಯ ಮೈಸೂರು ಪಾಕು ತರುತ್ತೇನೆ. ಡಬ್ಬಿ ನಾನೇ ಅವರ ಕೈಗೆ ಕೊಡುತ್ತೇನೆ, ಯಾಕೆ ಅಂತ ನಿನಗೆ ಗೊತ್ತು.

ನಿನ್ನ
ಪಾಪಣ್ಣ