ಭಾನುವಾರ ರಷ್ಯಾದ ಜನಪದ ಕುಣಿತ ನೋಡೋಣ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ ನಾವು ಒಟ್ಟಿಗೆ ನೋಡುವುದು ಬೆರ್ಯೋಜ್ಕಾ ತಂಡದ ವಿಡಿಯೋ. ದಯವಿಟ್ಟು ಫೋನಿನಲ್ಲಿ ಬೇಡ, ದೊಡ್ಡ ಪರದೆಯಲ್ಲೇ ನೋಡೋಣ. ನದೇಜ್ದಾ ನದೇಜ್ದಿನಾ 1948ರಲ್ಲಿ ಕಟ್ಟಿದ ತಂಡ ಇದು, ಹೆಸರಿನ ಅರ್ಥ ಪುಟ್ಟ ಬರ್ಚ್ ಮರ. ಹುಡುಗಿಯರು ನೆಲ ಮುಟ್ಟುವ ಉದ್ದ ಸರಫಾನ್ ತೊಟ್ಟು, ಕೈಯಲ್ಲಿ ಬರ್ಚ್ ಕೊಂಬೆ ಹಿಡಿದು ಸುತ್ತು ಬರುವಾಗ ಅವರು ನಡೆಯುತ್ತಿದ್ದಾರೆ ಅಂತ ಅನ್ನಿಸುವುದೇ ಇಲ್ಲ, ನೀರಿನ ಮೇಲೆ ತೇಲಿದ ಹಾಗೆ ಸಾಗುತ್ತಾರೆ. ತುಂಬಾ ಚಿಕ್ಕ ಚಿಕ್ಕ ಹೆಜ್ಜೆಗಳು, ಅಷ್ಟೇ! ಆದರೆ ಮೈ ಒಂಚೂರೂ ಕುಲುಕಬಾರದು, ಅದು ಸುಮ್ನೆ ಬರುವ ವಿದ್ಯೆ ಅಲ್ಲ.

ಒಂದು ಮಾತು. ಇದು ಹಳ್ಳಿಯ ಕುಣಿತ ಇದ್ದ ಹಾಗೇ ಅಲ್ಲ, ಹಳ್ಳಿಯ ಖೊರೊವೋದ್ ಅನ್ನುವ ವೃತ್ತ ಕುಣಿತವನ್ನು ವೇದಿಕೆಗೆ ಹೊಂದಿಸಿದ್ದು. ಹಳ್ಳಿಯ ದನಿ ಬೇಕಿದ್ದವರು ಪ್ಯಾತ್ನಿತ್ಸ್ಕಿ ಮೇಳದ ಕಥೆ ಓದಿ, 1911ರಲ್ಲಿ ಮಿತ್ರೊಫಾನ್ ಪ್ಯಾತ್ನಿತ್ಸ್ಕಿ ರೈತರನ್ನೇ ಮಾಸ್ಕೋಗೆ ಕರೆತಂದು ಹಾಡಿಸಿದರು. ನನಗಂತೂ ಅದೇ ಜಾಸ್ತಿ ಇಷ್ಟ.

ಬಾಲಲೈಕಾ ಅನ್ನುವ ತಂತಿವಾದ್ಯದ ಕಡೆಗೂ ಕಿವಿ ಕೊಡಿ. ಮೂರೇ ತಂತಿ, ಅದರಲ್ಲೂ ಎರಡಕ್ಕೆ ಸಾಮಾನ್ಯವಾಗಿ ಒಂದೇ ಶ್ರುತಿ. ಮರದ ಚಮಚಗಳನ್ನೂ ತಾಳಕ್ಕೆ ಬಡಿಯುತ್ತಾರೆ, ಮಕ್ಕಳಿಗೆ ತೋರಿಸಿ. ಬರುವವರು ಶನಿವಾರದೊಳಗೆ ಇಲ್ಲೇ ತಿಳಿಸಿ.