ಕಾಶಿಗೆ ಅಗ್ಗದ ಟಿಕೆಟ್ ಕೇಳಿದ ಗೆಳೆಯನಿಗೆ

ಕೆಂಗೇರಿ ಉಪನಗರ, ಬೆಂಗಳೂರು
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅಪ್ಪ ಅಮ್ಮನ್ನ ಫ್ಲೈಟಲ್ಲಿ ಕಾಶಿಗೆ ಕರ್ಕೊಂಡು ಹೋಗ್ಬೇಕು ಕಣೋ, ನೀನು ಎರಡು ಸಾವಿರಕ್ಕೆಲ್ಲ ಪುಣೆಗೆ ಹಾರ್ತೀಯ, ಅದು ಹೆಂಗೆ ಹೇಳು" ಅಂತ. ನಾನು ಬಾಯಿ ತೆರೆಯುವ ಹೊತ್ತಿಗೆ ನಿನ್ನ ಕೊಬ್ಬರಿ ಮಂಡಿಗೆ ಲಾರಿ ಬಂತು, ಫೋನ್ ಇಟ್ಟುಬಿಟ್ಟೆ. ವಾಟ್ಸಾಪ್‌ನಲ್ಲಿ ತುಂಡು ತುಂಡಾಗಿ ಹೇಳುವ ವಿಷಯವಲ್ಲ ಇದು. ಅದಕ್ಕೇ ಪತ್ರ. ಮಧ್ಯಾಹ್ನ ಮಂಡಿಯಲ್ಲಿ ಜನ ಕಮ್ಮಿಯಾದಾಗ ಓದು.

ನಿನಗೆ ಕೊಬ್ಬರಿ ವ್ಯಾಪಾರ ಗೊತ್ತಿರುವುದರಿಂದ ಅರ್ಧ ಕೆಲಸ ಸಲೀಸು. 180 ಸೀಟಿನ ವಿಮಾನ ಅಂದುಕೋ. ಕಂಪನಿಯವರು ಆ ಸೀಟುಗಳನ್ನು ಬೇರೆ ಬೇರೆ ದರದ ರಾಶಿ ಮಾಡಿ ಇಟ್ಟಿರುತ್ತಾರೆ. ಮೊದಲ ರಾಶಿ ಅಗ್ಗ. ಅದು ಖಾಲಿಯಾದರೆ ಎರಡನೆಯದು, ಆಮೇಲೆ ಮೂರನೆಯದು, ಹೀಗೆ ದರ ಏರುತ್ತಾ ಹೋಗುತ್ತದೆ. ನೀನು ಉಂಡೆ ಕೊಬ್ಬರಿಯನ್ನು ಗಾತ್ರ, ಬಣ್ಣ, ಒಣಗಿದ ಹದ ನೋಡಿ ರಾಶಿ ಮಾಡ್ತೀಯ. ಇಲ್ಲಿ ಎಲ್ಲ ರಾಶಿಯಲ್ಲೂ ಇರುವುದು ಒಂದೇ ಮಾಲು! ಪಕ್ಕಪಕ್ಕ ಕೂತು ಒಂದೇ ಕಿಟಕಿಯಲ್ಲಿ ಮೋಡ ನೋಡುವ ಇಬ್ಬರಲ್ಲಿ ಒಬ್ಬ ಮೂರು ಸಾವಿರ ಕೊಟ್ಟಿರುತ್ತಾನೆ, ಇನ್ನೊಬ್ಬ ಒಂಬತ್ತು.

ಹೂವಿನ ಮಾರ್ಕೆಟ್‌ನಲ್ಲಿ ರಾತ್ರಿಯಾದರೆ ಮಲ್ಲಿಗೆಯನ್ನು ಸಿಕ್ಕ ರೇಟಿಗೆ ಕೊಟ್ಟು ಮನೆಗೆ ಹೋಗುತ್ತಾರೆ. ವಿಮಾನದ ಸೀಟೂ ಅಂಥದ್ದೇ, ಹಾರಿದ ಮೇಲೆ ಖಾಲಿ ಸೀಟಿಗೆ ಮೂರು ಕಾಸೂ ಇಲ್ಲ. ಹಾಗಾಗಿ ಕೊನೇ ಗಳಿಗೆಯಲ್ಲಿ ಅಗ್ಗಕ್ಕೆ ಬಿಡುತ್ತಾರೆ ಅಂತ ಕಾಯುವವರಿದ್ದಾರೆ. ಕಾಯಬೇಡ. ಕೊನೇ ದಿನ ಟಿಕೆಟ್ ಕೊಳ್ಳುವವನ ಮನೆಯಲ್ಲಿ ಸಾವಾಗಿರುತ್ತದೆ, ಇಲ್ಲವೇ ಯಾರೋ ಆಸ್ಪತ್ರೆ ಸೇರಿರುತ್ತಾರೆ, ಇಲ್ಲವೇ ದುಡ್ಡು ಆಫೀಸಿನದ್ದು. ಎಷ್ಟು ಕೇಳಿದರೂ ಕೊಡುತ್ತಾನೆ ಅಂತ ಅವರಿಗೆ ಗೊತ್ತು.

ಈ ರಾಶಿ ಲೆಕ್ಕದಲ್ಲಿ ನಿನಗೆ ಬೇಕಾದ ಒಂದು ಸಣ್ಣ ಕಿಟುಕು ಇದೆ. ನೀವು ನಾಲ್ಕು ಜನ. ಅಗ್ಗದ ರಾಶಿಯಲ್ಲಿ ಮೂರೇ ಸೀಟು ಉಳಿದಿದೆ ಅಂದುಕೋ. ನೀನು ನಾಲ್ಕು ಸೀಟು ಅಂತ ಹುಡುಕಿದರೆ, ಆ ಮೂರನ್ನು ಬಿಟ್ಟು ನಾಲ್ಕಕ್ಕೂ ಮುಂದಿನ ರಾಶಿಯ ದರ ತೋರಿಸುತ್ತದೆ. ಮೊದಲು ಒಬ್ಬರಿಗೆ ಅಂತ ಹುಡುಕು, ಆಮೇಲೆ ಇಬ್ಬರಿಗೆ, ಆಮೇಲೆ ನಾಲ್ವರಿಗೆ. ತಲೆಗೆ ಬೀಳುವ ದರ ಬದಲಾದರೆ ಎರಡೆರಡಾಗಿ ಬುಕ್ ಮಾಡು. ಆದರೆ ಅಪ್ಪ ಅಮ್ಮ ಇಬ್ಬರನ್ನೇ ಒಂದು ಪಿಎನ್‌ಆರ್‌ಗೆ, ಅಂದರೆ ಒಂದು ಬುಕಿಂಗ್ ನಂಬರಿಗೆ, ಹಾಕಬೇಡ. ವಿಮಾನದ ಸಮಯ ಬದಲಾಗಿ ಏನಾದರೂ ಹೆಚ್ಚುಕಮ್ಮಿಯಾದರೆ ಎರಡು ಪಿಎನ್‌ಆರ್ ಎರಡು ದಾರಿ ಹಿಡಿಯಬಹುದು. ಅಪ್ಪನ ಜೊತೆ ನೀನು, ಅಮ್ಮನ ಜೊತೆ ನಿನ್ನ ಹೆಂಡತಿ.

ಮೊಬೈಲ್‌ನಲ್ಲಿ ಇನ್‌ಕಾಗ್ನಿಟೊ ಅನ್ನುವ ಗುಟ್ಟಿನ ಕಿಟಕಿ ತೆರೆದು ಹುಡುಕಿದರೆ ಅಗ್ಗ, ಮಂಗಳವಾರ ನಡುರಾತ್ರಿ ಬುಕ್ ಮಾಡಿದರೆ ಅಗ್ಗ ಅಂತ ನಿನ್ನ ಭಾವಮೈದ ಹೇಳಿದನಂತಲ್ಲ. ಅವನು ಇಪ್ಪತ್ತು ವರ್ಷದಿಂದ ಹೀಗೇ ಏನಾದರೂ ಹೇಳುತ್ತಿರುತ್ತಾನೆ. ಬುಕ್ ಮಾಡುವ ದಿನಕ್ಕಿಂತ ಹಾರುವ ದಿನ ಮುಖ್ಯ. ಶುಕ್ರವಾರ ಸಂಜೆ, ಭಾನುವಾರ ರಾತ್ರಿ ದುಬಾರಿ. ಮಂಗಳವಾರ, ಬುಧವಾರ ಸಾಮಾನ್ಯವಾಗಿ ಇಳಿದಿರುತ್ತದೆ. ದಸರಾ, ದೀಪಾವಳಿ, ಮಕ್ಕಳ ಬೇಸಿಗೆ ರಜೆ ಕೇಳಲೇಬೇಡ. ಶಾಲೆ ಶುರುವಾಗಿ ಮಳೆ ಹಿಡಿದ ಮೇಲೆ, ಜುಲೈನಿಂದ ಸೆಪ್ಟೆಂಬರ್‌ವರೆಗೆ ವಿಮಾನಗಳಲ್ಲಿ ಜನ ಕಮ್ಮಿ. ನಿನ್ನ ಅಮ್ಮ ಕಾರ್ತಿಕದಲ್ಲೇ ಕಾಶಿ ನೋಡಬೇಕು ಅಂತಾರೆ, ಗೊತ್ತು. ಆ ಹುಣ್ಣಿಮೆಯ ದೇವ ದೀಪಾವಳಿಗೆ ದೇಶವೆಲ್ಲ ಅಲ್ಲಿಗೇ ಹೊರಡುತ್ತದೆ. ಹುಣ್ಣಿಮೆ ಬಿಟ್ಟು ಕಾರ್ತಿಕದ ಬೇರೆ ಯಾವುದಾದರೂ ವಾರ ಒಪ್ಪಿಸಲು ನೋಡು. ಶಿವನಿಗೇನೂ ಬೇಜಾರಿರುವುದಿಲ್ಲ.

ಅಗ್ಗದ ವಿಮಾನ ಅಂದಾಗೆಲ್ಲ ನನಗೆ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣವೇ ಕಣ್ಣ ಮುಂದೆ ಬರುವುದು. 2006ರಲ್ಲಿ ಪುಣೆಗೆ ಇಂಟರ್‌ವ್ಯೂಗೆ ಹೋದೆನಲ್ಲ, ನಿನ್ನ ಬೂಟು ಹಾಕಿಕೊಂಡು. ಏರ್ ಡೆಕ್ಕನ್. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಶುರು ಮಾಡಿದ್ದು. ಸೈನ್ಯ ಬಿಟ್ಟು ಬಂದು ನಮ್ಮ ಪಕ್ಕದ ಜಾವಗಲ್ ಹತ್ತಿರ ತೋಟ ಮಾಡಿ, ರೇಷ್ಮೆ ಬೆಳೆದವರು ವಿಮಾನ ಬಿಡ್ತಾರಂತೆ ಅಂತ ನಿಮ್ಮಪ್ಪ ನಕ್ಕಿದ್ದು ನೆನಪಿದೆಯಾ? ವಿಮಾನಕ್ಕೆ ಆರ್.ಕೆ. ಲಕ್ಷ್ಮಣ್ ಅವರ ಕಾಮನ್ ಮ್ಯಾನ್ ಗುರುತು. ಒಂದು ರೂಪಾಯಿ ಟಿಕೆಟ್ ಬಿಟ್ಟಾಗ ಊರೆಲ್ಲ ಅದೇ ಮಾತು, ತೆರಿಗೆ ಬೇರೆ ಅನ್ನುವುದು ಆಮೇಲೆ ಗೊತ್ತಾಗುತ್ತಿತ್ತು. ಟಿಕೆಟ್‌ನಲ್ಲಿ ಸೀಟ್ ನಂಬರೇ ಇರಲಿಲ್ಲ. ಗೇಟು ತೆರೆದದ್ದೇ ತಡ, ಟೈ ಕಟ್ಟಿದವರೂ ಸೇರಿ ಎಲ್ಲರೂ ಓಟ. ನನ್ನ ಮುಂದಿದ್ದ ಒಬ್ಬ ಯಜಮಾನರು ಹೆಗಲ ಮೇಲಿನ ಟವೆಲ್ ಬೀಸಿ ಕಿಟಕಿ ಸೀಟು ಹಿಡಿದರು, ಥೇಟ್ ಅರಸೀಕೆರೆ ಬಸ್ಸು. ಗಗನಸಖಿ ಆ ಟವೆಲ್ ನೋಡಿ ನಕ್ಕು ಮುಂದೆ ಹೋದಳು. ಊಟ ಇಲ್ಲ, ನೀರಿಗೂ ದುಡ್ಡು. ಕಂಪನಿ ಹೆಚ್ಚು ಕಾಲ ಉಳಿಯಲಿಲ್ಲ, 2008ರಲ್ಲಿ ಕಿಂಗ್‌ಫಿಷರ್ ಜೊತೆ ಸೇರಿತು, 2012ಕ್ಕೆ ಅದೂ ನಿಂತಿತು. ಆದರೆ ಸೀಟಿನ ದುಡ್ಡು ಬೇರೆ, ಉಳಿದದ್ದಕ್ಕೆಲ್ಲ ಬೇರೆ ದುಡ್ಡು ಅನ್ನುವ ಲೆಕ್ಕ ಉಳಿದುಕೊಂಡಿತು. ಈಗ ನೀನು ಎಚ್ಚರವಾಗಿರಬೇಕಾದ್ದು ಆ "ಉಳಿದದ್ದರ" ಬಗ್ಗೆಯೇ.

ನನ್ನ ಎರಡು ಸಾವಿರದ ಪುಣೆ ಪ್ರಯಾಣದ ನಿಜವಾದ ಲೆಕ್ಕ ಕೇಳು. ಬೆಳಗಿನ ಜಾವ ಐದೂವರೆಯ ವಿಮಾನ. ದೇವನಹಳ್ಳಿಯ ವಿಮಾನ ನಿಲ್ದಾಣ ಕೆಂಗೇರಿಯಿಂದ ಊರಿನ ಆ ತುದಿ. ಒಂದೂವರೆಗೆ ಎದ್ದೆ, ಕ್ಯಾಬ್‌ಗೆ ಸಾವಿರದ ನಾನೂರು. ಹಗಲಾದರೆ ಮೆಜೆಸ್ಟಿಕ್‌ನಿಂದ ವಾಯು ವಜ್ರ ಬಸ್ಸು ಹಿಡಿಯಬಹುದಿತ್ತು, ಆದರೆ ಆ ಹೊತ್ತಿನಲ್ಲಿ ಮೆಜೆಸ್ಟಿಕ್‌ವರೆಗೆ ಹೋಗುವುದು ಹೇಗೆ? ಕೌಂಟರ್‌ನಲ್ಲಿ ಕೈಚೀಲ ತೂಗಿದರು. ಏಳು ಕಿಲೋ ಮಿತಿ, ನನ್ನದು ಒಂಬತ್ತೂವರೆ. ಚೆಕ್-ಇನ್ ಬ್ಯಾಗ್ ಇಲ್ಲದ ದರ ಹಿಡಿದಿದ್ದೆ, ಮುನ್ನೂರು ಉಳಿಯಿತು ಅಂತ ಬೀಗಿಕೊಂಡಿದ್ದೆ. ಅಲ್ಲಿ ಕಿಲೋಗೆ ಐನೂರರ ಮೇಲೆ. ಬೆವರುತ್ತಾ ಸ್ವೆಟರ್ ಒಂದರ ಮೇಲೊಂದು ಹಾಕಿಕೊಂಡೆ, ಕೋಟಿನ ಜೇಬಿಗೆ ಚಾರ್ಜರ್ ತುರುಕಿದೆ, ಆದರೂ ಒಂದು ಕಿಲೋ ಉಳಿಯಿತು. ಕೊಟ್ಟೆ. ಹಿಂದಿದ್ದ ಹುಡುಗರು ನಗುತ್ತಿದ್ದರು. ಒಟ್ಟು ಕೂಡಿಸಿದರೆ ಹಗಲು ಹೊತ್ತಿನ ಮೂರೂವರೆ ಸಾವಿರದ ಟಿಕೆಟ್ಟೇ ವಾಸಿಯಿತ್ತು.

ನೀನು ತಿಪಟೂರಿನಿಂದ ಹೊರಡಬೇಕು, ಬೆಂಗಳೂರಿಗೇ 140 ಕಿ.ಮೀ. ಆಗುತ್ತದೆ, ಅಲ್ಲಿಂದ ಮುಂದೆ ಟ್ರಾಫಿಕ್ಕು. ಮುಂಜಾನೆಯ ವಿಮಾನಕ್ಕೆ ಅಪ್ಪ ಅಮ್ಮನನ್ನು ರಾತ್ರಿಯೇ ಎಬ್ಬಿಸಬೇಕಾಗುತ್ತದೆ. ಸಾವಿರ ಉಳಿಯುತ್ತೆ ಅಂತ ಆ ಕೆಲಸ ಮಾಡಬೇಡ. ಮಧ್ಯಾಹ್ನದ ನೇರ ವಿಮಾನ ಸಿಕ್ಕರೆ ಅದೇ ಸರಿ. ದೆಹಲಿಗೆ ಒಂದು ಟಿಕೆಟ್, ಅಲ್ಲಿಂದ ವಾರಾಣಸಿಗೆ ಬೇರೆ ಕಂಪನಿಯ ಇನ್ನೊಂದು ಟಿಕೆಟ್ ಅಂತ ನೀನೇ ಜೋಡಿಸಲು ಹೋಗಬೇಡ. ಮೊದಲನೆಯದು ತಡವಾದರೆ ಎರಡನೆಯವರು ನಿನಗಾಗಿ ಕಾಯುವುದಿಲ್ಲ, ದುಡ್ಡೂ ಕೊಡುವುದಿಲ್ಲ.

ಈಗ ಹೇಳುವುದು ನಾನು ಮಾಡಿದ ತಪ್ಪು. ಹೋದ ವರ್ಷ ಅಮ್ಮನನ್ನು ತಂಗಿಯ ಮನೆಗೆ ಕರೆದುಕೊಂಡು ಹೋದೆ. ಸೀಟು ಆರಿಸಲು ಒಬ್ಬರಿಗೆ ಮುನ್ನೂರು ಕೇಳಿತು. ಸುಮ್ಮನೆ ದುಡ್ಡು ಕೀಳ್ತಾರೆ, ಅವರೇ ಕೊಡ್ತಾರೆ ಬಿಡು ಅಂದುಕೊಂಡೆ. ಕೊಟ್ಟರು, ಅಮ್ಮನಿಗೆ ನಾಲ್ಕನೇ ಸಾಲಿನ ನಡುವಿನ ಸೀಟು, ನನಗೆ ಇಪ್ಪತ್ತೇಳನೇ ಸಾಲು. ಚಿಕ್ಕ ಮಕ್ಕಳನ್ನು ಅಪ್ಪ ಅಮ್ಮನ ಪಕ್ಕ ಕೂರಿಸಬೇಕು ಅಂತ ನಿಯಮ ಇದೆ, ಅಮ್ಮನನ್ನು ಮಗನ ಪಕ್ಕ ಕೂರಿಸಬೇಕು ಅಂತ ಇರಲಿಲ್ಲ. ಇಳಿಯುವಾಗ ಹೋಗಿ ನೋಡುತ್ತೇನೆ, ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, ಬೆಲ್ಟಿನ ಬಕಲ್ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಾಳೆ. "ನೀರು ಕುಡಿದ್ಯಾ?" ಅಂದೆ. "ಯಾರನ್ನ ಕೇಳಲಪ್ಪ, ಆಯಮ್ಮ ಇಂಗ್ಲಿಷ್‌ನಲ್ಲಿ ಏನೋ ಅಂತು, ಬೇಡ ಅಂತ ತಲೆ ಆಡಿಸಿದೆ" ಅಂದಳು. ಬೆಲ್ಟ್ ಬಿಚ್ಚುವುದು ಗೊತ್ತಾಗದೆ ನನಗಾಗಿ ಕಾಯುತ್ತಿದ್ದಳು. ಆರುನೂರು ರೂಪಾಯಿ ಉಳಿಸಿದ್ದೆ ನೋಡು.

ಆದ್ದರಿಂದ ಸೀಟಿಗೆ ದುಡ್ಡು ಕೊಡು. ನಿಮ್ಮಮ್ಮನಿಗೆ ಮಂಡಿನೋವು ಅಂದೆ, ವೀಲ್‌ಚೇರ್ ಬೇಕು ಅಂತ ಬುಕ್ ಮಾಡುವಾಗಲೇ ಗುರುತು ಹಾಕು, ಮರೆತರೆ ಹೊರಡುವ 48 ಗಂಟೆ ಮೊದಲು ಕಂಪನಿಗೆ ಫೋನ್ ಮಾಡಿ ಹೇಳು. ಬೆಂಗಳೂರಿನ ನಿಲ್ದಾಣದಲ್ಲಿ ನಡೆದೇ ಸುಸ್ತಾಗುತ್ತದೆ. "ನಾನೇನು ಕುಂಟಿನಾ" ಅಂತ ಮೊದಲು ಬೈತಾರೆ, ಆಮೇಲೆ ಸಾಲು ತಪ್ಪಿಸಿ ಕರೆದುಕೊಂಡು ಹೋದಾಗ ಖುಷಿಯಾಗ್ತಾರೆ. ಅರವತ್ತು ದಾಟಿದವರಿಗೆ ಕೆಲವು ಕಂಪನಿಗಳಲ್ಲಿ ರಿಯಾಯಿತಿ ಉಂಟು, ಅದು ಮೂಲ ದರದ ಮೇಲೆ ಮಾತ್ರ. ಎಷ್ಟೋ ಸಲ ಮಾಮೂಲಿ ಆಫರ್ ದರವೇ ಅದಕ್ಕಿಂತ ಕಮ್ಮಿ ಇರುತ್ತದೆ, ಎರಡನ್ನೂ ಕೊನೆಯ ಪುಟದವರೆಗೆ ಹೋಗಿ ನೋಡು. ಮೊದಲ ಪುಟದ ದರ ನೋಡಿ ಹಿಗ್ಗಬೇಡ, ಕನ್ವೀನಿಯನ್ಸ್ ಶುಲ್ಕ ತಲೆಗಿಷ್ಟು ಅಂತ ಕೊನೆಗೆ ಬಂದು ಕೂರುತ್ತದೆ. ವಿಮೆ, ತಿಂಡಿ, ಬೇಗ ಹತ್ತುವ ಸೌಲಭ್ಯ ಅಂತ ಅವರೇ ಟಿಕ್ ಹಾಕಿಟ್ಟಿದ್ದರೆ ತೆಗೆ.

ಬ್ಯಾಗಿನ ವಿಷಯ. ಹೋಗುವಾಗ ಖಾಲಿ ಇದ್ದರೂ ಬರುವಾಗ ತುಂಬಿರುತ್ತದೆ. ಕಾಶಿಗೆ ಹೋಗಿ ಸೀರೆ ತರದೆ, ಓಣಿಯವರಿಗೆಲ್ಲ ಕಾಶಿ ದಾರ, ಗಂಗೆ ತಂಬಿಗೆ ತರದೆ ಬರುತ್ತೀರಾ? ಬರುವ ಟಿಕೆಟ್‌ನಲ್ಲಿ 15 ಕಿಲೋ ಚೆಕ್-ಇನ್ ಬ್ಯಾಗ್ ಇರುವ ದರವನ್ನೇ ತಗೋ. ಗಂಗೆ ತಂಬಿಗೆಯನ್ನು ಪಂಚೆಯಲ್ಲಿ ಸುತ್ತಿ ಅದರೊಳಗಿಡು. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು.

ಇನ್ನೊಂದು, ಇದನ್ನು ಎರಡು ಸಲ ಓದು. ಕೊಬ್ಬರಿ ತರಬೇಡ. ಒಂದು ಗಿಟುಕೂ ಬೇಡ. ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ತಾನಾಗಿಯೇ ಕಾವು ಏರಿ ಹೊತ್ತಿಕೊಳ್ಳಬಹುದು ಅಂತ ವಿಮಾನಕ್ಕೆ ಬಿಡುವುದಿಲ್ಲ. ಹೋದ ವರ್ಷ ನಮ್ಮಮ್ಮ ತಂಗಿಗೆ ಅಂತ ಆರು ಗಿಟುಕನ್ನು ಸೀರೆ ಮಡಿಕೆಯಲ್ಲಿ ಇಟ್ಟಿದ್ದಳು, ನನಗೂ ಹೇಳಿರಲಿಲ್ಲ. ಬ್ಯಾಗ್ ತಪಾಸಣೆಯವರು ನನ್ನ ಹೆಸರು ಕೂಗಿ ಕರೆದು, ಬ್ಯಾಗ್ ಬಿಚ್ಚಿಸಿ, ಒಂದೊಂದಾಗಿ ಮೇಜಿನ ಮೇಲೆ ಇಡಿಸಿದರು. ಅಮ್ಮ ಪಕ್ಕದಲ್ಲಿ ನಿಂತು "ದೇವರಿಗೆ ಇಡೋದಕ್ಕೆ ಬೆಂಕಿ ಹತ್ತುತ್ತಾ" ಅಂತ ಗೊಣಗುತ್ತಿದ್ದಳು. ತಿಪಟೂರಿನಲ್ಲಿ ಹುಟ್ಟಿ, ಕೊಬ್ಬರಿ ಮಾರಿದ ದುಡ್ಡಿನಲ್ಲಿ ಓದಿ, ಅದನ್ನು ಕಸದ ಡಬ್ಬಿಗೆ ಹಾಕುವಾಗ ಹೊಟ್ಟೆ ಉರಿಯಿತು. ನೀನಂತೂ ಮಂಡಿಯವನು, ಕೋಟಿನ ಜೇಬಲ್ಲೂ ಒಂದು ಚೂರು ಇರುತ್ತದೆ, ತೆಗೆದಿಡು.

ಯಾತ್ರೆ ರದ್ದಾದರೆ ದುಡ್ಡು ಪೂರ್ತಿ ಹೋಯಿತು ಅಂತ ಬಿಟ್ಟುಬಿಡಬೇಡ. ದರ ವಾಪಸ್ ಬರುವುದಿಲ್ಲ ಅಂತ ಬರೆದಿದ್ದರೂ ತೆರಿಗೆ, ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ ಹಿಂದಿರುಗಿಸಬೇಕು ಅಂತ ವಿಮಾನ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ ಇದೆ. ಅಗ್ಗದ ಟಿಕೆಟ್‌ನಲ್ಲಿ ಅದೂ ಒಂದು ಪಾಲೇ. ಕೇಳಿದವರಿಗೆ ಸಿಗುತ್ತದೆ, ನಮ್ಮಲ್ಲಿ ಕೇಳುವವರೇ ಕಮ್ಮಿ.

ಅಪ್ಪ ಇನ್ನೂ ರೈಲೇ ಸಾಕು ಅನ್ನುತ್ತಿದ್ದಾರಾ? ಸಂಘಮಿತ್ರದಲ್ಲಿ ಎರಡು ರಾತ್ರಿ, ಆ ಮಂಡಿನೋವು ಇಟ್ಟುಕೊಂಡು ನಿಮ್ಮಮ್ಮ ಕೂರಲಾರರು ಅಂತ ಹೇಳು. ವಿಮಾನವಾದರೆ ಸುಮಾರು ಎರಡೂವರೆ ಗಂಟೆಯಲ್ಲಿ ಕಾಶಿಯ ವಿಮಾನ ನಿಲ್ದಾಣವಿರುವ ಬಾಬತ್‌ಪುರದಲ್ಲಿ ಇಳಿಯಬಹುದು, ಅಲ್ಲಿಂದ ಊರಿಗೆ ಸುಮಾರು 25 ಕಿ.ಮೀ. ಒಪ್ಪದಿದ್ದರೆ ನನಗೆ ಫೋನ್ ಕೊಡು, ನನ್ನ ಮಾತು ಕೇಳ್ತಾರೆ.

ನಾಲ್ವರ ಆಧಾರ್ ಕಾರ್ಡಿನ ಫೋಟೋ ಕಳಿಸು. ಅಪ್ಪನ ಹೆಸರಿನ ಕೊನೆಯ "ಅಯ್ಯ"ಗೆ ಆಧಾರ್‌ನಲ್ಲಿ ಒಂದು ಸ್ಪೆಲಿಂಗ್, ಪಹಣಿಯಲ್ಲಿ ಇನ್ನೊಂದು ಇದೆ ಅಂತ ಬ್ಯಾಂಕಿನಲ್ಲಿ ಪರದಾಡಿದ್ದು ನೆನಪಿದೆ, ಟಿಕೆಟ್‌ನಲ್ಲಿ ಆಧಾರ್‌ನದ್ದೇ ಇರಬೇಕು. ಹುಣ್ಣಿಮೆಯ ಹಿಂದಿನ ವಾರದ ಬುಧವಾರ, ಮಧ್ಯಾಹ್ನದ ನೇರ ವಿಮಾನಕ್ಕೆ ಈಗ ತಾನೇ ನೋಡಿದೆ. ಒಬ್ಬರಿಗೆ ಅಂತ ಹುಡುಕಿದರೆ 5,300, ಇಬ್ಬರಿಗೂ 5,300, ನಾಲ್ವರಿಗೆ 5,900. ಬೆಳಗಾಗುವುದರೊಳಗೆ ಕಳಿಸಿದರೆ ಎರಡಾದರೂ ಹಿಡಿಯುತ್ತೇನೆ.

ನಿನ್ನ,
ಬೂಟು ವಾಪಸ್ ಕೊಡದ ಗೆಳೆಯ